ವಿಷಾದಕ್ಕ ಆರಿಸಿದ ಸುದ್ದಿ

ನಮ್ಮ ಆಫೀಸಿನಲ್ಲಿ ‘ಕ್ಷಮೆ’ ಎಂಬ ಪದಕ್ಕೆ ಪ್ರವೇಶವಿಲ್ಲ. ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ, ತಪ್ಪು ಒಪ್ಪಿಕೊಂಡರೆ ಕೋರ್ಟಿಗೆ ನಾವೇ ನಡೆದು ಹೋದ ಹಾಗೆ ಎಂದು ನಮ್ಮ ವಕೀಲರು ಯಾವತ್ತೋ ಹೇಳಿಬಿಟ್ಟಿದ್ದಾರೆ. ಆದ್ದರಿಂದ ನಾವು ‘ವಿಷಾದ’ ಬಳಸುತ್ತೇವೆ. ಹೀರೋ ಕುಡಿದು ಕಾರು ಗುದ್ದಿದರೂ ವಿಷಾದ, ಹೀರೋಯಿನ್ನು ಅಭಿಮಾನಿಯ ಫೋನು ಕಸಿದು ನೆಲಕ್ಕೆ ಬಡಿದರೂ ವಿಷಾದ. ಸಿನಿಮಾದವರ ಮಾನ ಕಾಯುವ ಈ ಪ್ರಚಾರದ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಕೂತು ಅಷ್ಟೂ ಹೇಳಿಕೆ ಬರೆದವರನ್ನು ನಾವೆಲ್ಲ ವಿಷಾದಕ್ಕ ಎಂದೇ ಕರೆಯುತ್ತಿದ್ದೆವು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅವರ ಎದುರಿನ ಮೇಜು ನನ್ನದು. ನಾನು ಫೋಟೊ ಆರಿಸುವವನು. ವಿಷಾದದ ಜೊತೆ ಹೋಗುವ ಫೋಟೊಗೂ ಒಂದು ಲಕ್ಷಣ ಬೇಕು: ಕಪ್ಪು ಕನ್ನಡಕ ಇರಬಾರದು, ಎರಡು ದಿನದ ಗಡ್ಡ ಇರಬೇಕು, ಅಂಗಿ ತಿಳಿಬಣ್ಣದ್ದು, ಕಣ್ಣು ನೆಲದ ಕಡೆ. ನೆಲದಲ್ಲಿ ಬಿದ್ದ ಕಾರಿನ ಕೀ ಹುಡುಕುತ್ತಿದ್ದ ಒಬ್ಬ ಹೀರೋನ ಫೋಟೊವನ್ನು ನಾನು ಮೂರು ಬೇರೆ ಬೇರೆ ಹಗರಣಗಳಿಗೆ ಬಳಸಿದ್ದೇನೆ. ನಾಚಿಕೆ ಪಡುವ ಕಾಲ ದಾಟಿ ಹೋಗಿದೆ, ಅದಕ್ಕೆ ಹೇಳುತ್ತಿದ್ದೇನೆ.

ವಿಷಾದಕ್ಕನ ಕೈಚಳಕ ಏನೆಂದರೆ, ವಾಕ್ಯದೊಳಗಿಂದ ಮಾಡಿದವನನ್ನು ಮಾಯ ಮಾಡುವುದು. ಹೊಡೆದ ಅನ್ನುವ ಕಡೆ ‘ಕೈ ತಾಗಿತು’. ಬೈದ ಅನ್ನುವ ಕಡೆ ‘ಮಾತಿಗೆ ಮಾತು ಬೆಳೆಯಿತು’. ಓಡಿಹೋದ ಅನ್ನುವ ಕಡೆ ‘ಅನಿವಾರ್ಯವಾಗಿ ತೆರಳಬೇಕಾಯಿತು’. ನಮ್ಮ ಭಾಷೆಯೂ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇಲ್ಲಿ ಲೋಟ ತಾನಾಗಿಯೇ ಒಡೆದುಹೋಗುತ್ತದೆ, ತಪ್ಪು ತಾನಾಗಿಯೇ ಆಗಿಬಿಡುತ್ತದೆ, ಯಾರನ್ನೂ ಕೇಳುವ ಹಾಗಿಲ್ಲ. ಅವರು ಪೆನ್ನಿನ ಮುಚ್ಚಳ ಕಚ್ಚುತ್ತಾ ಹತ್ತು ನಿಮಿಷದಲ್ಲಿ ನಾಲ್ಕು ಸಾಲು ಬರೆದರೆ ನಾಳೆ ಬೆಳಿಗ್ಗೆ ಎಲ್ಲ ಪತ್ರಿಕೆಯಲ್ಲೂ ಅದೇ ನಾಲ್ಕು ಸಾಲು.

ಅವರ ಎರಡನೆಯ ವಿದ್ಯೆ ಸುದ್ದಿ ಆರಿಸುವುದು, ಅಂದರೆ ತಣ್ಣಗೆ ಮಾಡುವುದು. ಕುದಿಯುವ ಸುದ್ದಿಯನ್ನು ನೇರ ಜನರ ಕೈಗೆ ಕೊಡಬಾರದು. ಮೊದಲು ಬೇರೆಯವರ ಬಾಯಿಂದ ಅರ್ಧಂಬರ್ಧ ಬಿಡಬೇಕು, ಒಂಚೂರು ತಮಾಷೆ ಸೇರಿಸಬೇಕು. ಜನ ನಕ್ಕು, ಚರ್ಚೆ ಮಾಡಿ, ಸುಸ್ತಾದ ಮೇಲೆ ನಮ್ಮವನು ಮುಂದೆ ಬಂದು ‘ಹೌದು, ನಿಜ’ ಅಂದರೆ ‘ಅಯ್ಯೋ, ಅದು ಹಳೇದು ಬಿಡ್ರಿ’ ಅನ್ನುತ್ತಾರೆ. ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು: “ಆರಿತಾ?” “ಇಲ್ಲ ಸಾರ್, ಇನ್ನೂ ಕೈ ಸುಡುತ್ತೆ.”

ಇಷ್ಟೆಲ್ಲ ಬಲ್ಲ ಹೆಂಗಸು ಮನೆಯಲ್ಲಿ ಮಾತ್ರ ಬರೀ ಅಕ್ಕ. ಅಮ್ಮ ತೀರಿಕೊಂಡಾಗ ತಂಗಿಗೆ ಆರು ವರ್ಷ, ಇವರಿಗೆ ಹದಿನೇಳು. ಜಡೆ ಹಾಕುವುದನ್ನು ಆ ಪುಟ್ಟ ತಲೆಯ ಮೇಲೆಯೇ ಕಲಿತರು. ಅದೇ ತಂಗಿ ಮುಂದೆ ಸಿನಿಮಾದಲ್ಲಿ ಕೇಶವಿನ್ಯಾಸದವಳಾದಳು. ಅವಳು ಮದುವೆಯಾದಳು, ಮದುವೆ ಮುರಿದು ವಾಪಸ್ಸು ಬಂದಳು. ಅಕ್ಕ ಆ ಗೋಜಿಗೇ ಹೋಗಲಿಲ್ಲ. ಎರಡು ಕೋಣೆಯ ಮನೆ, ಒಂದು ಕಿಟಕಿ, ಕಿಟಕಿಯ ಪಕ್ಕ ತಂಗಿಯ ಕುರ್ಚಿ. ಒಬ್ಬರಿಗೊಬ್ಬರು ಬಿಟ್ಟರೆ ಬೇರೆ ಗತಿ ಇರಲಿಲ್ಲ, ಬೇಕು ಅಂತಲೂ ಅನ್ನಿಸಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಒಂದು ಚಿತ್ರೀಕರಣದಲ್ಲಿ ಹೀರೋನ ವಿಗ್ಗು ತೆಗೆಯುವಾಗ ಅಂಟು ಚರ್ಮ ಹಿಡಿದುಕೊಂಡಿತು. ತಂಗಿ ಎಳೆದಳು. ಅವನು ಎದ್ದು ನಿಂತು ಅವಳ ಎಡಗಿವಿಗೆ ಬಾರಿಸಿದ. ಹನ್ನೆರಡು ಜನ ನೋಡಿದರು. ಕಿವಿಯ ತಮಟೆ ಹರಿಯಿತು, ಒಳಗಿನ ನರವೂ ಕೆಟ್ಟಿತು, ಆ ಕಿವಿ ಮತ್ತೆ ಬರಲಿಲ್ಲ. ಹೀರೋ ನಮ್ಮ ಆಫೀಸಿನ ಗಿರಾಕಿ. ಯಜಮಾನರು ವಿಷಾದಕ್ಕನನ್ನು ಕೋಣೆಗೆ ಕರೆದು ಹೇಳಿದ್ದನ್ನು ಬಾಗಿಲ ಸಂದಿಯಿಂದ ನಾನೂ ಕೇಳಿದೆ.

“ನೋಡಮ್ಮ, ಬೇರೆ ಯಾರ ಕೈಲಾದ್ರೂ ಬರೆಸಿದ್ರೆ ಆ ಹುಡುಗೀನೇ ಕುಡಿದು ಬಂದಿದ್ಲು ಅಂತ ಬರೀತಾರೆ. ನೀನು ಬರೆದ್ರೆ ಮರ್ಯಾದೆಯಾಗಿ ಬರೀತೀಯ. ಯೋಚನೆ ಮಾಡು.”

ಅವರು ಯೋಚನೆ ಮಾಡಿದರು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಯ ಗಾಜಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ಚೀಟಿ ಇಟ್ಟುಕೊಂಡು ಬರೆದರು: ‘ಚಿತ್ರೀಕರಣದ ಗಡಿಬಿಡಿಯಲ್ಲಿ ಕೈ ತಾಗಿತು. ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.’ ಒಳಗೆ ತಂಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಶಬ್ದ ಕೇಳಿದಾಗಲೆಲ್ಲ ಕೈ ಎತ್ತಬೇಕಿತ್ತು. ಬಲಗಿವಿಗೆ ಎತ್ತಿದಳು. ಎಡಗಿವಿಯ ಸರದಿ ಬಂದಾಗ ಕೈ ಮಡಿಲಲ್ಲೇ ಇತ್ತು. ಹೊರಗೆ ಬಂದ ಮೇಲೆ “ಏನೋ ಬರೀತಿದ್ದೆಯಲ್ಲ ಅಕ್ಕ?” ಅಂತ ಕೇಳಿದಳಂತೆ. “ಡಾಕ್ಟ್ರು ಹೇಳಿದ್ದು ಬರ್ಕೊಂಡೆ” ಅಂದರಂತೆ ಇವರು. ಆಮೇಲೆ ಹೇಳಿಕೆ ಪತ್ರಿಕೆಯಲ್ಲಿ ಬಂದಾಗ, ಮನೆಯವರ ವಿಷಯ ಅಂತ ತನ್ನನ್ನು ದೂರ ಇಟ್ಟರು, ವಕೀಲರೇ ಬರೆದರು ಎಂದು ಇನ್ನೊಂದು ಸುಳ್ಳು ಜೋಡಿಸಿದರು.

ತಂಗಿಗೆ ಚಿತ್ರೀಕರಣದ ಕೆಲಸ ತಪ್ಪಿತು. ಮನೆಯಲ್ಲೇ ಕೂತು ವಿಗ್ಗು ಕಟ್ಟತೊಡಗಿದಳು. ಸಣ್ಣ ಕೊಕ್ಕೆಸೂಜಿಯಲ್ಲಿ ಬಲೆಗೆ ಒಂದೊಂದೇ ಕೂದಲು ಗಂಟು ಹಾಕುವ ಕೆಲಸ, ಒಂದು ತಲೆಗೆ ತಿಂಗಳು ಹಿಡಿಯುತ್ತದೆ. ಗಂಟು ಹಾಕುತ್ತಾ ಅವಳು ಹೇಳುತ್ತಿದ್ದ ಮಾತನ್ನು, ಅವರ ಮನೆಗೆ ಊಟಕ್ಕೆ ಹೋದಾಗ, ನಾನೇ ಆರೇಳು ಸಲ ಕೇಳಿದ್ದೇನೆ.

“ಹೊಡೆದವನಿಗೆ ಸಿಟ್ಟು ಬಂದಿತ್ತು ಅಣ್ಣ, ಅದು ಅರ್ಥ ಆಗುತ್ತೆ. ಈ ‘ತಾಗಿತು’ ಅಂತ ಬರೆದವನು ಇದಾನಲ್ಲ, ಅವನಿಗೆ ಯಾವ ಸಿಟ್ಟೂ ಇರ್ಲಿಲ್ಲ. ತಣ್ಣಗೆ ಕೂತು ಪದ ಹುಡುಕಿದಾನೆ. ಅವನ ಮುಖ ಒಂದ್ಸಲ ನೋಡ್ಬೇಕು ನಾನು.”

ಅವನ ಮುಖ ಅಡುಗೆಮನೆಯಲ್ಲಿ ನಿಂತು ಅವಳಿಗೆ ಅನ್ನ ಬಡಿಸುತ್ತಿತ್ತು. ವಿಷಾದಕ್ಕ ತಲೆ ಎತ್ತುತ್ತಿರಲಿಲ್ಲ. ನಾನು ತಟ್ಟೆ ನೋಡುತ್ತಾ ಊಟ ಮುಗಿಸುತ್ತಿದ್ದೆ.

ಹೋದ ವರ್ಷ ಅವರಿಗೆ ಎದೆನೋವು ಬಂತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದವರು ಮೊದಲ ದಿನವೇ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡರು. “ಹೇಳದೇ ಸತ್ತುಹೋದ್ರೆ ಏನೋ ಗತಿ? ಅವಳಿಗೆ ಗೊತ್ತಾಗ್ಬೇಕು. ನನ್ನ ಬಾಯಿಂದಲೇ ಗೊತ್ತಾಗ್ಬೇಕು.”

“ಹಾಗಾದ್ರೆ ಇವತ್ತೇ ಊಟಕ್ಕೆ ಕೂತಾಗ ಹೇಳಿಬಿಡಿ ಅಕ್ಕ. ಎರಡು ಪದ. ‘ನಾನೇ ಬರೆದೆ’.”

“ಬಿಸಿ ಇದೆ ಕಣೋ” ಅಂದರು.

ಆ ವಾರವೇ ಟೀವಿಯವರು ಬಂದಿಳಿದರು. ಪ್ರಚಾರದ ಆಫೀಸಿನವರು ಹೀರೋಗಳ ಹಗರಣ ಮುಚ್ಚುವುದರ ಮೇಲೆ ಒಂದು ನಗೆ ಧಾರಾವಾಹಿ, ನಡುನಡುವೆ ಸ್ವಲ್ಪ ಅಳು. ಅದಕ್ಕೆ ನಿಜವಾದ ಪ್ರಸಂಗಗಳು ಬೇಕಾಗಿದ್ದವು. ಧಾರಾವಾಹಿಯಲ್ಲಿ ನಮ್ಮ ಆಫೀಸು ಗಾಜಿನ ಗೋಡೆಯದು, ಎಲ್ಲರೂ ಓಡುತ್ತಲೇ ಮಾತಾಡುತ್ತಾರೆ. ನಿಜದ ಆಫೀಸು ಕನ್ನಡಕದ ಅಂಗಡಿಯ ಮೇಲಿನ ಮೂರನೇ ಮಹಡಿ, ಓಡಿದರೆ ಫೈಲಿನ ರಾಶಿಗೆ ಮುಗ್ಗರಿಸಬೇಕು. ಕಥೆ ಬರೆಯುವ ಹೆಂಗಸು ನಲವತ್ತರ ಆಸುಪಾಸಿನವಳು, ಮೆತ್ತಗೆ ಮಾತಾಡುವವಳು, ಕೇಳುವಾಗ ಕೇಳಿಸಿಕೊಳ್ಳುವವಳು. ವಿಷಾದಕ್ಕ ಮೂರು ಮಧ್ಯಾಹ್ನ ಕೂತು ಅವಳಿಗೆ ಎಲ್ಲವನ್ನೂ ಹೇಳಿದರು: ಕಿವಿ, ಗಾಜಿನ ಕೋಣೆ, ಬೆಂಚು, ಚೀಟಿ. ಒಂದೇ ಬೇಡಿಕೆ ಇಟ್ಟರು: ಕೊನೆಯಲ್ಲಿ ಅಕ್ಕ ತಂಗಿಯ ಎದುರು ನಿಂತು ‘ನಾನೇ ಬರೆದೆ’ ಅನ್ನಬೇಕು. ಆ ಹೆಂಗಸು ಅತ್ತು, ಆಗಲಿ ಎಂದು ಹಾಗೆಯೇ ಬರೆದಳು. ಬರೆದ ಹಾಳೆಯನ್ನು ನಾನೂ ಓದಿದೆ, ಚೆನ್ನಾಗಿತ್ತು.

ವಿಷಾದಕ್ಕನ ಲೆಕ್ಕ ನನಗೆ ಆಗ ಅರ್ಥವಾಯಿತು. ತಂಗಿ ಮೊದಲು ಟೀವಿಯಲ್ಲಿ ಬೇರೆ ಯಾರದೋ ಕಥೆ ಅಂತ ನೋಡುತ್ತಾಳೆ, ಸ್ವಲ್ಪ ನಗುತ್ತಾಳೆ, ಆ ಅಕ್ಕನ ಮೇಲೆ ಸ್ವಲ್ಪ ಕರುಣೆ ಬರುತ್ತದೆ. ಆಗ ಇವರು ಪಕ್ಕದಲ್ಲಿ ಕೂತು ‘ಅದು ನಾನೇ’ ಅನ್ನುವುದು. ಒಡಹುಟ್ಟಿದವಳಿಗೂ ಸುದ್ದಿ ಆರಿಸಿ ಕೊಡುವ ಬುದ್ಧಿ! ನನಗೆ ರೇಗಿಹೋಯಿತು. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದವರಿಗಲ್ಲದೆ ಬೇರೆ ಯಾರಿಗೂ ಇಂಥ ಉಪಾಯ ಹೊಳೆಯುವುದಿಲ್ಲ. ಬೈದೆ ಕೂಡ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಶನಿವಾರ ಸಂಜೆ ಆರೂವರೆಗೆ ಆ ಕಂತು. “ನೀನೂ ಬಾರೋ, ನನಗೆ ಧೈರ್ಯ ಬೇಕು” ಅಂದದ್ದಕ್ಕೆ ಹೋದೆ. ವಿಷಾದಕ್ಕ ತಂಗಿಯ ಬಲಗಡೆ, ಕೇಳಿಸುವ ಕಡೆ ಕೂತರು. ಟೀವಿಯಲ್ಲಿ ಕೇಶವಿನ್ಯಾಸದವಳಾಗಿ ಬಂದವಳು ಒಬ್ಬ ದಪ್ಪ ಹಾಸ್ಯನಟಿ. ಏಟು ಬಿದ್ದದ್ದೇ ಅವಳು ಬುಗುರಿಯ ಹಾಗೆ ಮೂರು ಸುತ್ತು ಸುತ್ತಿದಳು. ಆಮೇಲೆ ಹೀರೋ “ಬಾಚಣಿಗೆ ಕೊಡು” ಅಂದರೆ ಬಾಳೆಹಣ್ಣು ಕೊಟ್ಟಳು. ಹಿನ್ನೆಲೆಯಲ್ಲಿ ನಗುವಿನ ಸದ್ದು. ಮತ್ತೆ ಬಾಚಣಿಗೆ, ಮತ್ತೆ ಬಾಳೆಹಣ್ಣು. ನಮ್ಮ ತಂಗಿಯೂ ಮೊದಲ ಸಲ ಫಕ್ಕನೆ ನಕ್ಕುಬಿಟ್ಟಳು.

ಆಮೇಲೆ ಗಾಜಿನ ಕೋಣೆ ಬಂತು. ಒಳಗೆ ಹಾಸ್ಯನಟಿ ಕೇಳದಿದ್ದರೂ ಎರಡೂ ಕೈ ಎತ್ತುತ್ತಿದ್ದಾಳೆ. ಹೊರಗೆ ಬೆಂಚಿನ ಮೇಲೆ ಅವಳ ಅಕ್ಕ ತೊಡೆಯ ಮೇಲೆ ಚೀಟಿ ಇಟ್ಟುಕೊಂಡು ‘ಕೈ ತಾಗಿತು’ ಎಂದು ಬರೆದು, ಪದ ಸಿಕ್ಕ ಖುಷಿಗೆ ತೊಡೆ ತಟ್ಟುತ್ತಾಳೆ. ಮತ್ತೆ ನಗು. ಅಲ್ಲಿಗೆ ಕಂತು ಮುಗಿಯಿತು. ಅಕ್ಕ ಬಾಯಿಬಿಡುವ ದೃಶ್ಯ ಬರಲೇ ಇಲ್ಲ. ನಗೆ ಧಾರಾವಾಹಿಗೆ ಅದು ಭಾರವಾಯಿತು ಅಂತ ಮೇಲಿನವರು ತೆಗೆಸಿದರಂತೆ, ಪಾಪ, ಬರೆದವಳಿಗೂ ಹೇಳಿರಲಿಲ್ಲ.

ತಂಗಿ ರಿಮೋಟು ಹುಡುಕಿ ಟೀವಿ ಆರಿಸಿದಳು. ಆಸ್ಪತ್ರೆಯ ಆ ಬೆಂಚಿನ ವಿಷಯ ಅಕ್ಕ ಹೇಳದೆ ಬೇರೆಯವರಿಗೆ ಗೊತ್ತಾಗಲು ಸಾಧ್ಯವಿರಲಿಲ್ಲ.

“ಅಕ್ಕ, ಅವತ್ತು ನೀನು ಬರ್ಕೊಂಡಿದ್ದು ಡಾಕ್ಟ್ರು ಹೇಳಿದ್ದಲ್ವಾ?”

ವಿಷಾದಕ್ಕ ಬಾಯಿ ತೆರೆದರು. ಈಗ ಎರಡೇ ಪದ ಸಾಕಾಗಿತ್ತು. ನಾನು ಮನಸ್ಸಿನಲ್ಲೇ ಆ ಎರಡು ಪದವನ್ನು ಅವರ ಬಾಯಿಗೆ ತಳ್ಳುತ್ತಿದ್ದೆ.

“ಅದು... ಆವತ್ತಿನ ಪರಿಸ್ಥಿತೀಲಿ ಬರೆಯಬೇಕಾಗಿ ಬಂತು” ಅಂದರು.

“ಯಾರಿಗೆ?”

“ಹಾಗೆ ಆಗಿಹೋಯ್ತು ಕಣೇ. ನಿನಗೆ ನೋವಾಗಿದ್ದರೆ...”

ಅಷ್ಟಕ್ಕೇ ನಿಂತರು. ತಾವು ಏನು ಹೇಳುತ್ತಿದ್ದೇವೆಂದು ಅವರ ಕಿವಿಗೇ ಕೇಳಿಸಿತು. ಬೇಕೆಂದು ಹೇಳಿದ್ದಲ್ಲ, ಬೇರೆ ರೀತಿ ಮಾತಾಡಲು ಆ ನಾಲಿಗೆಗೆ ಬರುತ್ತಿರಲಿಲ್ಲ. ತಂಗಿ ಕೂಗಾಡಲಿಲ್ಲ, ಅಳಲೂ ಇಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ, ಅರ್ಧ ಕಟ್ಟಿದ್ದ ವಿಗ್ಗನ್ನು ಕೈಗೆತ್ತಿಕೊಂಡು “ನಾನೂ ನಕ್ಕೆನಲ್ಲ” ಎಂದಳು.

ಸೋಮವಾರ ಯಜಮಾನರು ಕೇಕು ತರಿಸಿದರು. ಆ ಹೀರೋ ಯಾವುದೋ ಕಾರ್ಯಕ್ರಮದಲ್ಲಿ “ಬಾಚಣಿಗೆ ಪ್ರಸಂಗ ನನ್ನದೇ ಕಥೆ ಕಣ್ರೀ!” ಅಂತ ತಾನೇ ಒಪ್ಪಿಕೊಂಡಿದ್ದ, ಜನ ಬಿದ್ದು ಬಿದ್ದು ನಕ್ಕಿದ್ದರು. ಹನ್ನೊಂದು ವರ್ಷದ ಹಗರಣ ಅರ್ಧ ಗಂಟೆಯಲ್ಲಿ ಆರಿತ್ತು. “ಇಂಥ ಕೆಲಸ ನಮ್ಮ ಆಫೀಸಿನಲ್ಲಿ ಇದುವರೆಗೆ ಯಾರೂ ಮಾಡಿಲ್ಲ” ಎಂದು ಯಜಮಾನರು ವಿಷಾದಕ್ಕನ ಕೈಗೆ ಚಾಕು ಕೊಟ್ಟು ಕೇಕು ಕತ್ತರಿಸಮ್ಮ ಅಂದರು. ಅವರು ಕತ್ತರಿಸಿದರು. ನಾವು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅವರು ಆಫೀಸಿಗೆ ಬರುವುದು ಕಡಿಮೆಯಾಯಿತು. ಒಂದೂವರೆ ತಿಂಗಳ ಮೇಲೆ ನೋಡಿಕೊಂಡು ಬರೋಣ ಅಂತ ಮನೆಗೆ ಹೋದೆ. ಮನೆ ಮೊದಲಿಗಿಂತ ಚೊಕ್ಕಟವಾಗಿತ್ತು. ತಂಗಿ ಮೂರು ಲೋಟ ಟೀ ತಂದು “ತಗೊಳ್ಳಿ” ಎಂದಳು. ಪರವಾಗಿಲ್ಲ, ಇಬ್ಬರೂ ಒಂದೇ ಸೂರಿನಡಿ ಇದ್ದಾರೆ, ದಿನ ಕಳೆದಂತೆ ಸರಿಹೋಗುತ್ತದೆ ಎಂದು ನನಗೆ ಸಮಾಧಾನವಾಯಿತು.

ಆಗ ವಿಷಾದಕ್ಕ ನನ್ನನ್ನು ಸಾಕ್ಷಿಗೆ ಇಟ್ಟುಕೊಂಡವರ ಹಾಗೆ ಒಮ್ಮೆ ನೋಡಿ, ತಂಗಿಯ ಕಡೆ ತಿರುಗಿದರು. “ನಾನೇ ಬರೆದೆ ಕಣೇ. ಬೇರೆ ಯಾರೂ ಅಲ್ಲ. ನಾನು ಬರೆದೆ, ನಿನಗೆ ಸುಳ್ಳು ಹೇಳಿದೆ. ನನ್ನನ್ನ ಕ್ಷಮಿಸು.” ಹನ್ನೊಂದು ವರ್ಷಕ್ಕೆ ಆ ವಾಕ್ಯ ಹೊರಬಂತು. ನನ್ನ ಕಣ್ಣು ತುಂಬಿತು.

ತಂಗಿ ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನಗುಮುಖದಲ್ಲೇ ಕೇಳಿದಳು: “ಸಕ್ಕರೆ ಸಾಕಾ? ಇನ್ನೊಂದು ಚಮಚ ಹಾಕ್ಲಾ ನಿಮಗೆ?”

ನನ್ನನ್ನು ಕೇಳಿದಳು ಅಂದುಕೊಂಡು “ಸಾಕಮ್ಮ” ಅಂದೆ. ಆದರೆ ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಚಮಚ ಹಿಡಿದುಕೊಂಡು ತನ್ನ ಅಕ್ಕನ ಉತ್ತರಕ್ಕೆ ಕಾಯುತ್ತಿದ್ದಳು.

ವಿಷಾದಕ್ಕ ಮೆಟ್ಟಿಲಿನವರೆಗೆ ನನ್ನನ್ನು ಕಳಿಸಲು ಬಂದರು. “ಅವತ್ತಿನಿಂದಲೂ ಹೀಗೇ ಕಣೋ. ‘ನೀವು’, ‘ನಿಮಗೆ’, ‘ಬನ್ನಿ’, ‘ಕೂತ್ಕೊಳ್ಳಿ’. ಅಕ್ಕ ಅನ್ನಲ್ಲ. ಊಟ, ತಿಂಡಿ, ಬಟ್ಟೆ, ಯಾವುದಕ್ಕೂ ಒಂದು ಕೊರತೆ ಇಲ್ಲ. ಬೇಕಾದ್ರೆ ಬೈಲಿ, ಹೊಡೀಲಿ, ‘ನೀನು’ ಅಂತ ಒಂದು ಸಲ ಅನ್ನಲಿ ಅಂತ ದಿನಾ ಕಾಯ್ತೀನಿ.”

ಒಳಗಿನಿಂದ ತಂಗಿಯ ದನಿ ಕೇಳಿಸಿತು. “ಹೊರಗೆ ಗಾಳಿ ಇದೆ, ಒಳಗೆ ಬನ್ನಿ.”

“ಬಂದೆ” ಎಂದು ವಿಷಾದಕ್ಕ ಒಳಗೆ ಹೋದರು.