ತಾರೀಖು ಹಿಂದೆ ಹೋದ ಫೋನು

ಗಣಿಯ ಭರಾಟೆಯ ವರ್ಷಗಳವು. ನನ್ನ ಜೊತೆ ಓದಿದವರೆಲ್ಲ ಲಾರಿ, ಪರ್ಮಿಟ್ಟು ಅಂತ ಓಡಾಡುತ್ತಿದ್ದರು. ನಾನೊಬ್ಬಳು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಮಹಡಿ ಮೇಲಿನ ಕೋಣೆ ಹಿಡಿದು, ಒಂದು ಬೀಜದ ಕಂಪನಿಗೆ ಮೊಬೈಲ್ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಬೆಳಿಗ್ಗೆ ಒಗೆದು ಹಾಕಿದ ಬಟ್ಟೆ ಸಂಜೆಗೆ ಅದಿರಿನ ಧೂಳಿಗೆ ಕೆಂಪಾಗಿರುತ್ತಿತ್ತು. ಭಾನುವಾರ ಇಡೀ ದಿನ ಒಂದು ಮಾತೂ ಆಡದೆ ಕಳೆದದ್ದುಂಟು. ಯಾರಾದರೂ ಫೋನ್ ಮಾಡಲಿ ಅಂತ ಕಾಯುತ್ತಿದ್ದೆ. ಯಾರೂ ಮಾಡುತ್ತಿರಲಿಲ್ಲ. ಮೊದಲೇ ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅದನ್ನೆಲ್ಲ ಆಫೀಸಿನವರ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಕಂಪನಿಯ ಮೇಲ್ವಿಚಾರಕರು ಬೀಜದ ನೆಲ್ಲು ಬೆಳೆಯುವ ಹೊಲಗಳಿಗೆ ಹೋಗಿ, ಬೆಳೆ ಹೇಗಿದೆ ಅಂತ ಫೋನಿನಲ್ಲಿ ತುಂಬಬೇಕಿತ್ತು. ಹೊಲದಲ್ಲಿ ಸಿಗ್ನಲ್ ಎಲ್ಲಿಯದು? ಬರೆದದ್ದು ಫೋನಿನಲ್ಲೇ ಉಳಿದು, ಸಂಜೆ ಊರಿಗೆ ಬಂದಾಗ ತಾನಾಗೇ ಬಳ್ಳಾರಿಯ ಸರ್ವರ್‌ಗೆ ಸೇರುವ ಹಾಗೆ ಮಾಡಿದ್ದೆ. ನಾಟಿಯ ದಿನವೇ ಪ್ರತಿ ಹೊಲದ ಹೆಸರಿಗೂ ‘ಭೇಟಿ ಇಲ್ಲ’ ಅಂತ ಒಂದು ಖಾಲಿ ವರದಿ ಸರ್ವರ್‌ನಲ್ಲಿ ಕೂತಿರುತ್ತಿತ್ತು. ಒಂದೇ ಹೊಲಕ್ಕೆ ಎರಡು ವರದಿ ಇದ್ದರೆ, ತಾರೀಖು ಹೊಸದಿರುವುದನ್ನು ಇಟ್ಟುಕೊ, ಹಳೆಯದನ್ನು ಬಿಡು ಅಂತ ನಿಯಮ. ಎಂಥಾ ಜಾಣೆ ನಾನು ಅಂದುಕೊಂಡಿದ್ದೆ.

ಸಿರುಗುಪ್ಪದ ಕಡೆ ಹೊಲ ನೋಡುತ್ತಿದ್ದವರು ಒಬ್ಬ ಹಿರಿಯರು. ಎಲ್ಲರೂ ಅವರನ್ನು ಚಾಚಾ ಅಂತಿದ್ದರು. ಅಲ್ಲಿನ ಕರೂರಿನ ಗದ್ದೆ ಬದುವಿನ ಮೇಲೆ ಅವರ ಚಪ್ಪಲಿ ಸವೆದಷ್ಟು ಬೇರೆ ಯಾರದೂ ಸವೆದಿರಲಿಕ್ಕಿಲ್ಲ. ಆ ಸುಗ್ಗಿಗೆ ಮುಂಚೆ ಸರ್ವರ್‌ನ ಪಟ್ಟಿ ತೆಗೆದರೆ, ಅವರ ಹೊಲಗಳ ಮುಂದೆಲ್ಲ ‘ಭೇಟಿ ಇಲ್ಲ’ ಅಂತ ಬಂತು. ಸೋಮವಾರದ ಮೀಟಿಂಗಿನಲ್ಲಿ ಎಲ್ಲರೆದುರಿಗೆ ಅದನ್ನು ಓದಿದವಳು ನಾನೇ.

“ಹೊಲಕ್ಕ ಹೋಗೀನ್ರಿ ಮೇಡಂ. ದಿನಾ ಹೋಗೀನಿ,” ಅಂದರು ಎದ್ದು ನಿಂತು.

“ಯಂತ್ರ ಸುಳ್ಳು ಹೇಳಲ್ಲ ಚಾಚಾ,” ಅಂದುಬಿಟ್ಟೆ. ನನ್ನ ನಾಲಿಗೆಗಿಷ್ಟು ಬೆಂಕಿ ಬೀಳ!

ಮ್ಯಾನೇಜರು ಅವತ್ತೇ ಅವರನ್ನು ಕೆಲಸದಿಂದ ತೆಗೆದರು. ಚಾಚಾ ಫೋನನ್ನು ಕರ್ಚೀಫಿನಿಂದ ಒರೆಸಿ, ಮೇಜಿನ ಮೇಲಿಟ್ಟು ಹೋದರು.

ತಿಂಗಳ ಮೇಲೆ ಸಾಫ್ಟ್‌ವೇರ್ ಪರೀಕ್ಷೆ ಮಾಡಲು ಕುರುಗೋಡಿಗೆ ಹೋಗಿದ್ದೆ. ಗುಡ್ಡದ ಹಿಂದೆ ಸಿಗ್ನಲ್ ಇಲ್ಲ, ನನಗೆ ಬೇಕಿದ್ದದ್ದೂ ಅದೇ. ಮಧ್ಯಾಹ್ನಕ್ಕೆ ಬ್ಯಾಟರಿ ಮುಗಿಯಿತು. ಚಹಾದಂಗಡಿಯವನು, “ಕೊಡ್ರಿ ಇಲ್ಲಿ,” ಅಂತ ಬ್ಯಾಟರಿ ಕಿತ್ತು ಕ್ಲಿಪ್ಪಿನ ಚಾರ್ಜರಿಗೆ ಸಿಕ್ಕಿಸಿದ. “ಎಲ್ಲಾರೂ ಹಿಂಗ ಮಾಡ್ತಾರ್ರಿ. ಕರೆಂಟ್ ಎಲ್ಲೈತಿ ಹಳ್ಳ್ಯಾಗ, ಬಂದಾಗ ಹಾಕ್ಕೋಬೇಕು.” ಒಂದು ತಾಸು ಬಿಟ್ಟು ಬ್ಯಾಟರಿ ಹಾಕಿ ಫೋನ್ ತೆರೆದರೆ, ತಾರೀಖು ಎಷ್ಟೋ ವರ್ಷ ಹಿಂದಿನ ಜನವರಿ ಒಂದಕ್ಕೆ ಹೋಗಿ ಕೂತಿತ್ತು. ಚಾಚಾನ ಫೋನಿಗೂ ದಿನಾ ಹೀಗೇ ಆಗಿತ್ತೇ?

ಬಳ್ಳಾರಿಗೆ ಓಡಿಬಂದು, ಸರ್ವರ್ ಬಿಟ್ಟುಹಾಕಿದ ವರದಿಗಳ ಗುಡ್ಡೆ ತೆರೆದೆ. ಅದನ್ನು ಅಲ್ಲಿಯವರೆಗೆ ಒಮ್ಮೆಯೂ ನೋಡಿರಲಿಲ್ಲ. ಚಾಚಾನ ವರದಿಗಳೆಲ್ಲ ಅಲ್ಲಿದ್ದವು, ಒಂದೂ ತಪ್ಪಿರಲಿಲ್ಲ. ಎಲ್ಲಕ್ಕೂ ಹಳೇ ತಾರೀಖು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದೇ ಗುಂಡಿ ಒತ್ತಿ ಬರೆದಿದ್ದರು: ‘ಬೆರಕಿ ತೆನಿ ಕೀಳಿಸೀನಿ. ಹುಳ ಐತಿ, ಎಣ್ಣಿ ಹೊಡೀರಿ ಅಂತ ಹೇಳೀನಿ.’ ಬೇರೆ ತಳಿಯ ತೆನೆ ಕೀಳಿಸಿದ್ದು, ಹುಳಕ್ಕೆ ಔಷಧಿ ಹೇಳಿದ್ದು, ಎಲ್ಲ ಇತ್ತು. ಸರ್ವರ್ ಪ್ರತಿಯೊಂದನ್ನೂ ಹಳೆಯದು ಅಂತ ಬಿಸಾಕಿ, ಅವರ ಫೋನಿಗೆ ಮಾತ್ರ ‘ಮುಟ್ಟಿತು’ ಅಂತ ಹಸಿರು ಗುರುತು ಕಳಿಸಿತ್ತು. ಆ ಗುರುತನ್ನು ನೋಡಿ ದಿನಾ ಸಂಜೆ ಅವರು ನೆಮ್ಮದಿಯಾಗಿ ಉಂಡಿರಬೇಕು.

ಮ್ಯಾನೇಜರಿಗೆ ತೋರಿಸಿ, ಜಗಳಾಡಿ, ವಾಪಸ್ ಕರೆಯುವ ಪತ್ರ ಬರೆಸಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ಚಾಚಾ ಮನೆಯಲ್ಲೇ ಇದ್ದರು. ಎಲ್ಲ ಹೇಳಿದೆ. ತಪ್ಪು ನನ್ನದೇ ಅಂದೆ. ಅವರು ಪತ್ರ ಓದಿ, ಮಡಚಿ, ನನ್ನ ಕೈಗೇ ಕೊಟ್ಟರು.

“ಬರಾಂಗಿಲ್ಲ ಬೇಟಿ. ಇಷ್ಟು ವರ್ಷ ದುಡದೀನಿ, ಆದ್ರೂ ಅವತ್ತು ನನ್ನ ಮಾತು ಯಾರೂ ನಂಬಲಿಲ್ಲ. ಅಲ್ಲಿಗೆ ಮತ್ತ ಹೆಂಗ ಬರ್ಲಿ?” ಆಮೇಲೆ ಅಂದರು, “ಒಂದು ಕೇಳ್ಲಾ? ನನ್ನ ಕೈಯಾಗ ಇದ್ದದ್ದು ಫೋನೇ ಅಲ್ಲೇನು? ಸಿರುಗುಪ್ಪದಾಗ ಸಿಗ್ನಲೂ ಇತ್ತು. ‘ಯಾಕ ಚಾಚಾ, ಹೊಲಕ್ಕ ಹೋಗಿಲ್ಲೇನು’ ಅಂತ ಒಂದು ಸಲ ಫೋನ್ ಹಚ್ಚಿ ಕೇಳಬಾರದಿತ್ತಾ?”

ಯಾರೂ ಫೋನ್ ಮಾಡಲ್ಲ ಅಂತ ವರ್ಷಗಟ್ಟಲೆ ಮುನಿಸಿಕೊಂಡು ಕೂತವಳು ನಾನು. ಅವರ ಹೆಂಡತಿ ತಂದಿಟ್ಟ ಚಹಾ ಕುಡಿದೆ. ಏನಾದರೂ ಬೇಕಾದರೆ ಇರಲಿ ಅಂತ ನನ್ನ ನಂಬರು ಬರೆದುಕೊಟ್ಟು ಬಸ್‌ಸ್ಟ್ಯಾಂಡಿಗೆ ಬಂದೆ.

ಬಳ್ಳಾರಿಯಲ್ಲಿ ಮಹಡಿ ಹತ್ತಿ ಬೀಗ ತೆಗೆಯುತ್ತಿದ್ದೆ, ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು.

“ಬೇಟಿ, ಮನಿ ಮುಟ್ಟಿದೇನು?”

“ಮುಟ್ಟಿದೆ ಚಾಚಾ,” ಅಂದೆ. ಬಾಗಿಲ ಹೊಸ್ತಿಲ ಮೇಲೇ ಕೂತು, ಅವರಿಗೆ ಕೇಳಿಸದ ಹಾಗೆ ಅತ್ತೆ.