ಶುಕ್ರವಾರ ಬರೆದುಕೊಂಡ ಪ್ರಸಂಗಗಳು

ಒಂಬತ್ತು ವರ್ಷ ನಮ್ಮ ಚರ್ಚಿನ ಸಭೆಯವರು ಭಾನುವಾರದ ಉಪದೇಶವೆಂದು ನನ್ನ ಬಾಯಿಂದ ಕೇಳಿ ಮೆಚ್ಚಿದ ಪ್ರಸಂಗಗಳಲ್ಲಿ ಒಂದೂ ನನ್ನದಲ್ಲ. ಎಲ್ಲವೂ ನನ್ನ ಅಕ್ಕ ಕರುಣಮ್ಮನವು. ಇದನ್ನು ಬರೆಯುವುದು ಅಂಥ ಕಷ್ಟವೇನಲ್ಲ — ಕದ್ದ ಮಾಲು ಚೆನ್ನಾಗಿತ್ತೆಂದು ಕಳ್ಳನಿಗೂ ಒಂದಿಷ್ಟು ಹೆಮ್ಮೆ ಇರುತ್ತದೆ. ಬರೆಯಲು ಕೈ ಏಳದಿರುವುದು ಇನ್ನೊಂದು. ಆ ಅಕ್ಕನೇ ಪ್ರಸಂಗ ಪೀಠ ಹತ್ತಲು ಹೊರಟಾಗ ಅಡ್ಡ ಹಾಕಿದವನು ನಾನು. ಒಂದೇ ಒಂದು ಮಾತಿನಿಂದ.

ನನ್ನ ಹೆಸರು ಪ್ರಸಾದ. ಮಳವಳ್ಳಿಯಲ್ಲಿ ಶಾಲೆಯೊಂದರ ಗುಮಾಸ್ತ. ಹುಟ್ಟಿದ ಹಳ್ಳಿ ಕಿರುಗಾವಲಿನ ಹತ್ತಿರ. ಅಲ್ಲಿ ನಲವತ್ತು ಮನೆಗಳ ಸಣ್ಣ ಕ್ರೈಸ್ತ ಸಭೆ ನಮ್ಮದು. ನಮ್ಮ ಅಯ್ಯನವರು — ಸಭಾಪಾಲಕರನ್ನು ನಾವು ಕರೆಯುವುದೇ ಹಾಗೆ — ಐದು ಊರು ನೋಡಿಕೊಳ್ಳಬೇಕಾದ್ದರಿಂದ ತಿಂಗಳಿಗೊಮ್ಮೆ ಬರುತ್ತಾರೆ. ಮಿಕ್ಕ ಭಾನುವಾರಗಳಲ್ಲಿ ಪ್ರಸಂಗ ಮಾಡಲು ಸಭೆಯವರಲ್ಲೇ ಒಬ್ಬರಿಗೆ ಪರವಾನಗಿ ಕೊಡುತ್ತಾರೆ. ಅದು ನನಗೆ ಸಿಕ್ಕಿತು. ಓದಿದವನು, ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಳ್ಳುವವನು, ಗಟ್ಟಿ ಗಂಟಲಿನವನು. ಹೇಳಲು ಮಾತ್ರ ಏನೂ ಇರಲಿಲ್ಲ, ಅಷ್ಟೇ.

ಹೇಳಲು ಇದ್ದದ್ದು ಅಕ್ಕನಿಗೆ. ಅವಳು ಊರಿನಲ್ಲೇ ರವಿಕೆ ಹೊಲಿಯುತ್ತಾಳೆ. ಶುಕ್ರವಾರ ಸಂಜೆ ಬಸ್ಸಿಳಿದು ಅವಳ ಹೊಲಿಗೆ ಮಿಷನ್ನಿನ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದೆ. ನಾನು ಆ ವಾರದ ಬೈಬಲ್ ಪಾಠ ಓದುವುದು, ಅವಳು ಹುಕ್ಕು ಹಾಕುತ್ತಾ ಅದರ ಅರ್ಥ ಬಿಡಿಸುವುದು. ಕೆಟ್ಟ ನ್ಯಾಯಾಧಿಪತಿಯೊಬ್ಬನ ಬಾಗಿಲಿಗೆ ನ್ಯಾಯ ಕೇಳಿಕೊಂಡು ಅಲೆದ ವಿಧವೆಯ ಪಾಠ ಬಂದಾಗ ಅವಳು ಹೇಳಿದ್ದು ಈಗಲೂ ನೆನಪಿದೆ: ಆ ಹೆಂಗಸು ಭಿಕ್ಷೆ ಕೇಳಲಿಲ್ಲ, ತನ್ನದನ್ನು ಕೇಳಿದಳು; ತಾಳ್ಮೆ ತಂದುಕೋ, ಪ್ರಾರ್ಥನೆ ಮಾಡು ಎಂದು ಹೆಣ್ಣುಮಕ್ಕಳನ್ನು ಬಾಗಿಲಿಂದಲೇ ಸಾಗಹಾಕುವ ಹಿರಿಯರು ಕೂತಿರುವುದು ಆ ಕೆಟ್ಟ ನ್ಯಾಯಾಧಿಪತಿಯ ಕುರ್ಚಿಯಲ್ಲೇ. ನಾನು ಡೈರಿಯಲ್ಲಿ ಬರೆದುಕೊಂಡು ಭಾನುವಾರ ಒಪ್ಪಿಸಿದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು — ಅದೂ ನಾನಿನ್ನೂ ದುಃಖದ ಭಾಗಕ್ಕೆ ಬರುವ ಮೊದಲೇ. ಪವಿತ್ರಾತ್ಮನ ಕೆಲಸ ಅಂದುಕೊಂಡೆ. ಎಂಥ ಬೆಪ್ಪ ನಾನು. ಗಂಡನ ಏಟು ತಾಳಲಾರದೆ ತವರಿಗೆ ಬಂದವಳನ್ನು ಬುದ್ಧಿ ಹೇಳಿ ವಾಪಸು ಕಳಿಸುವ ಪದ್ಧತಿಯನ್ನು ನಮ್ಮ ಹಿರಿಯರು ಬಿಟ್ಟದ್ದು ಆ ಪ್ರಸಂಗದ ಮೇಲೆ. ಹಾರ ಬಿದ್ದದ್ದು ನನ್ನ ಕೊರಳಿಗೆ.

ಆರು ವರ್ಷದ ಹಿಂದೆ, ಹೆಂಗಸರೂ ಪರವಾನಗಿಗೆ ಅರ್ಜಿ ಹಾಕಬಹುದು ಎಂದಾಯಿತು. ಮೊದಲು ಹಾಕಿದವಳು ಅಕ್ಕ. ಮದ್ದೂರಿನಲ್ಲಿ ಪರವಾನಗಿ ಕೊಡುವ ಸಮಿತಿ ಸೇರಿತು. ಏಳು ಜನ ಗಂಡಸರು, ಅವರಲ್ಲಿ ನಮ್ಮ ಸಭೆಯ ಕಡೆಯಿಂದ ನಾನೊಬ್ಬ. ಬೇಡ ಎಂದು ಯಾರೂ ಅನ್ನಲಿಲ್ಲ — ಸೋಜಿಗ ಅದೇ. ಅಧ್ಯಕ್ಷರು ವಡೆ ಮುರಿಯುತ್ತಾ ನನ್ನ ಕಡೆ ತಿರುಗಿ, ನಿಮ್ಮಕ್ಕ ಅಲ್ಲವೇ, ಪ್ರಸಂಗ ಮಾಡಿ ರೂಢಿ ಇದೆಯೇ ಎಂದು ಕೇಳಿದರು. ಹ್ಞೂಂ ಅಂದಿದ್ದರೆ ಸಾಕಿತ್ತು.

"ಪ್ರಾರ್ಥನೆ ಚೆನ್ನಾಗ್ ಮಾಡ್ತಾಳೆ. ಪ್ರಸಂಗದ ಅನುಭವ ಇಲ್ಲ," ಅಂದೆ.

ಯಾಕೆ ಅಂದೆ — ಅವಳು ಒಂದು ಸಲ ಪೀಠ ಹತ್ತಿದರೆ ನಾನು ಬರೀ ಗಂಟಲು ಎಂಬುದು ಊರಿಗೆಲ್ಲ ಗೊತ್ತಾಗುತ್ತಿತ್ತು. ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ. ಆ ಶುಕ್ರವಾರ ಅಕ್ಕ ಏನಾಯಿತೆಂದು ಕೇಳಿದಾಗ, ಅವರು ಒಪ್ಪಲಿಲ್ಲ ಅಂದೆ. ಅವರು! ಅವಳು ಸೂಜಿಗೆ ದಾರ ಪೋಣಿಸಿದಳು.

"ಬುಡು. ಈ ವಾರದ್ ಪಾಠ ಓದು," ಅಂದಳು.

ಓದಿದೆ. ಮಾನ ಬಿಟ್ಟವನು, ಇನ್ನೂ ಆರು ವರ್ಷ ಓದಿದೆ.

ಈ ವರ್ಷ ಬೆಳಕವಾಡಿ ಕಡೆಯ ಹುಡುಗಿಯೊಬ್ಬಳು, ಎಸ್ತರ್ ಅಂತ, ಶಾಲೆಯ ಟೀಚರು, ನನ್ನನ್ನು ಹುಡುಕಿಕೊಂಡು ಬಂದಳು. ಅವಳಿಗೂ ಪ್ರಸಂಗ ಮಾಡುವ ಆಸೆ. ಆದರೆ ಕರುಣಮ್ಮನವರಿಗೇ ಅನುಭವ ಸಾಲದು ಅಂದ ಸಮಿತಿ ತನಗೆಲ್ಲಿ ಕೊಟ್ಟೀತು ಅಂದಳು. ಆರು ವರ್ಷದಿಂದ ನಮ್ಮ ಸುತ್ತಮುತ್ತ ಒಬ್ಬ ಹೆಂಗಸೂ ಅರ್ಜಿ ಹಾಕಿರಲಿಲ್ಲವಂತೆ, ಇದೇ ಕಾರಣಕ್ಕೆ. ನಾನು ಒಂದು ಬಾಗಿಲು ಹಾಕಿದೆ ಅಂದುಕೊಂಡಿದ್ದೆ — ಎಷ್ಟು ಹಾಕಿದ್ದೆನೋ...

ಮರು ಭಾನುವಾರ ಡೈರಿ ಒಯ್ಯದೆ ಪೀಠ ಹತ್ತಿದೆ. ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಅಕ್ಕನ ಮಾತು ಅಂದೆ. ಗಂಡಸರು ಮಿಕಮಿಕ ನೋಡಿದರು. ಹೆಂಗಸರ ಕಡೆಯಿಂದ ಕಿಸಕ್ಕೆಂದು ನಗು ಎದ್ದಿತು, ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಮುಂದಿನ ಚಾಪೆಯಲ್ಲಿದ್ದ ಮುದುಕಿ ಮರಿಯಮ್ಮ ನನ್ನ ಮೇಲೆ ಕನಿಕರಪಟ್ಟಳು.

"ಅದೇನ್ ಗುಟ್ಟು ಅಂತ ಏಳ್ತಿದ್ದೀಯ ಮಗ? ಗುರುವಾರ್ವೇ ಕೇಳಿರ್ತೀವಲ್ಲ. ನೀನು ಅರ್ಧ ಮರ್ತು ಬತ್ತಿದ್ದೆ, ನಾವೇ ಮನ್ಸಲ್ಲಿ ತುಂಬ್ಕೋತಿದ್ವು."

ಗುರುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಹೆಂಗಸರ ಪ್ರಾರ್ಥನೆ ನಡೆಯುತ್ತದೆ. ಅಲ್ಲಿ ಆ ವಾರದ ಪಾಠವನ್ನೇ ಅವಳು ಪೂರ್ತಿ ಬಿಡಿಸಿ ಹೇಳುತ್ತಿದ್ದದ್ದರ ಚೂರುಪಾರು ಶುಕ್ರವಾರ ನನಗೆ ಸಿಗುತ್ತಿತ್ತು. ಕಣ್ಣೀರು ಮುಂಚೆಯೇ ಬಂದದ್ದು ಅದಕ್ಕೆ! ಒಂಬತ್ತು ವರ್ಷ ಊರಿನ ಅರ್ಧ ಜನಕ್ಕೆ ಗೊತ್ತಿದ್ದ ಗುಟ್ಟನ್ನು ನಾನು ಬಚ್ಚಿಟ್ಟುಕೊಂಡು ಓಡಾಡಿದ್ದೆ. ನನಗೂ ನಗು ಬಂತು. ಆದರೆ ಇನ್ನೊಂದು ಮಾತು ಉಳಿದಿತ್ತು, ಅದು ಅವರಿಗೂ ಗೊತ್ತಿರಲಿಲ್ಲ. ಅನುಭವ ಇಲ್ಲ ಅಂದವನು ನಾನೇ ಎಂದು ಹೇಳಿದೆ. ನಗು ನಿಂತಿತು. ಅಕ್ಕ ತಲೆ ಎತ್ತಿ ನೋಡಿದಳು. ಆಮೇಲೆ ಎದ್ದು ಸಾಲುಗಳ ನಡುವೆ ಪೀಠದ ಕಡೆಗೆ ನಡೆದು ಬಂದಳು.

"ಇಳಿ ಕೆಳಕ್ಕೆ."

ಇಳಿದೆ. ಅವಳು ಹತ್ತಿದಳು, ಸೆರಗು ಸರಿಮಾಡಿಕೊಂಡಳು.

"ನನ್ ತಮ್ಮ ಇವತ್ತೊಂದಿನ ಸ್ವಂತದ್ ಪ್ರಸಂಗ ಮಾಡವ್ನೆ. ಚಿಕ್ದು. ಆದ್ರೂ ಅವನ್ದೇ."

ಗಂಡಸರೂ ಹೆಂಗಸರೂ ಒಟ್ಟಿಗೇ ನಕ್ಕರು. ಅಂಥ ನಗುವನ್ನು ನಮ್ಮ ದೇವಾಲಯ ಕೇಳಿರಲೇ ಇಲ್ಲ. ಆಮೇಲೆ ಅವಳು ಮುಕ್ಕಾಲು ಗಂಟೆ ಮಾತಾಡಿದಳು — ಏನೆಂದು ಹೇಳಲಿ! ನಾನು ಸಪ್ಪೆ ಮಾಡಿ ಬಡಿಸುತ್ತಿದ್ದದ್ದು ಎಂಥ ಊಟವೆಂದು ಆವತ್ತು ತಿಳಿಯಿತು. ಪ್ರಸಂಗದಲ್ಲೇ ತೂಕಡಿಸಿ ಹೆಸರಾದ ಹಿರಿಯರೊಬ್ಬರು ನೆಟ್ಟಗೆ ಕೂತು ಕೇಳಿದರು. ನನಗೆ ಸಂತೋಷ ತಡೆಯಲಾಗಲಿಲ್ಲ. ತಪ್ಪು ಮಾಡಿದವನಿಗೆ ಅಷ್ಟು ಸಂತೋಷ ಸಲ್ಲುತ್ತದೆಯೋ ಇಲ್ಲವೋ — ಆಯಿತು, ಅಷ್ಟೇ.

ಸಮಿತಿಗೆ ನನ್ನ ಮಾತು ಸುಳ್ಳೆಂದು ಬರೆದುಕೊಟ್ಟು, ಪರವಾನಗಿಯನ್ನೂ ಹಿಂದಿರುಗಿಸಿದೆ. ಅಕ್ಕನೂ ಎಸ್ತರಳೂ ಅರ್ಜಿ ಹಾಕಿದರು; ಇಬ್ಬರಿಗೂ ಒಂದೇ ದಿನ ಪರವಾನಗಿಯ ಆದೇಶ ಬಂತು. ಅಕ್ಕನ ಕಾಗದವನ್ನು ನಾನೇ ಓದಿ ಹೇಳಿದೆ. ಕೊನೆಯ ಸಾಲಿನಲ್ಲಿ, ಅರವತ್ತೈದು ವರ್ಷ ತುಂಬಿದವರ ಪರವಾನಗಿ ಮುಂದುವರಿಯುವುದಿಲ್ಲ ಎಂದಿತ್ತು. ಅವಳಿಗೀಗ ಅರವತ್ತೊಂದು.

"ಇನ್ನೂ ನಾಕ್ ವರ್ಸ ಐತಲ್ಲಾ, ಸಾಕ್ ಬುಡು," ಅಂದು ನಕ್ಕಳು.

ಸಾಲದು. ಹತ್ತು ಇರಬೇಕಿತ್ತು. ಆರನ್ನು ನಾನು ನುಂಗಿದೆ. ಕ್ಷಮಿಸಿದೆನೆಂದು ಅವಳು ಹೇಳಿಲ್ಲ, ನಾನು ಕೇಳಿಯೂ ಇಲ್ಲ. ಉಳಿದ ನಾಲ್ಕು ವರ್ಷದ ಪ್ರತಿ ಭಾನುವಾರವೂ ಅಯ್ಯನವರ ಐದು ಊರುಗಳಲ್ಲಿ ಅವಳು ಪ್ರಸಂಗಕ್ಕೆ ಹೋಗಬೇಕಾದ ಊರಿಗೆ ಈಚೆಗೆ ಕೊಂಡ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಬಿಡುತ್ತೇನೆ. ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂತು, ಪೂರ್ತಿ ಕೇಳುತ್ತೇನೆ.