ಎರಡು ಕಂಬಗಳ ನಡುವೆ ಚೆಲುವಯ್ಯ ಮಾವ

ಚೆಲುವಯ್ಯ ಮಾವ ನನ್ನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದರೆ ಹಾಳೆ ಕೈಗೆ ಬಂದ ಮೇಲೂ ಜಾಗ ಬಿಟ್ಟು ಕದಲುವುದಿಲ್ಲ. ಮೆಷೀನಿನ ಮುಚ್ಚಳ ಎತ್ತಿಸಿ, ಗಾಜಿನ ಮೇಲೆ ಬಗ್ಗಿ ನೋಡಿ, "ಒಳ್ಗೆ ಒಂದ್ ಕಾಪಿ ಮಡಿಕ್ಕಂಡಿಲ್ಲ ತಾನೆ ಇದು?" ಅನ್ನುತ್ತಾರೆ. ಸಾತನೂರು ಬಸ್‌ಸ್ಟಾಂಡಿನ ಎದುರು ಅರ್ಜಿ ಟೈಪ್ ಮಾಡಿಕೊಂಡು, ಪಹಣಿ ತೆಗೆದುಕೊಟ್ಟುಕೊಂಡು ಕೂತು ನನಗೆ ಹತ್ತು ವರ್ಷವಾಯಿತು. ಎಂಥೆಂಥ ಗಿರಾಕಿಗಳನ್ನೋ ನೋಡಿದ್ದೇನೆ. ಮೆಷೀನಿನ ಮೇಲೂ ಅನುಮಾನಪಡುವವರು ಇವರೊಬ್ಬರೇ.

ಆ ಅನುಮಾನಕ್ಕೆ ಊರೆಲ್ಲ ನಗುತ್ತದೆ. ಆದರೆ ರೇಷ್ಮೆಗೂಡು ಬಿಡಿಸಿದ ದಿನ ಅದೇ ಊರು ಮಾವನ ಮನೆ ಬಾಗಿಲಲ್ಲಿ ನಿಂತಿರುತ್ತದೆ. ಸುತ್ತಮುತ್ತಲ ರೈತರ ರೇಷ್ಮೆಗೂಡನ್ನು ಬೆಳಗ್ಗೆ ತಮ್ಮ ಪಿಕಪ್ ಗಾಡಿಗೆ ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹಾಕುವುದು ಅವರ ಇಪ್ಪತ್ತೆರಡು ವರ್ಷದ ಕಸುಬು. ಕಡಿಮೆ ಬಾಡಿಗೆಗೆ ಬರುವ ಗಾಡಿಗಳು ಬೇಕಾದಷ್ಟಿವೆ. ಆದರೂ ಜನ ಮಾವನಿಗೇ ಗೂಡು ಕೊಡುತ್ತಾರೆ, ಯಾಕೆಂದರೆ ತಕ್ಕಡಿಯ ಪಕ್ಕ ಚೆಲುವಯ್ಯ ನಿಂತರೆ ಯಾವನೂ ನೂರು ಗ್ರಾಮ್ ಕೂಡ ನುಂಗಲಾರ. ತೂಗುವವನ ಕೈ ಎಲ್ಲಿದೆ, ಮೊಣಕಾಲು ಎಲ್ಲಿದೆ ಎಂದು ಅವರ ಕಣ್ಣು ಅಲ್ಲೇ ಇರುತ್ತದೆ.

ಹೋದ ವರ್ಷ ಕನಕಪುರಕ್ಕೆ ಹೋಗುವ ನಮ್ಮ ಹೆದ್ದಾರಿಯಲ್ಲಿ ಎರಡು ಕ್ಯಾಮೆರಾ ಕಂಬ ನೆಟ್ಟರು. ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಹತ್ತು ಕಿಲೋಮೀಟರು. ಡ್ರೈವರುಗಳು ತಮಗೆ ತಾವೇ ಒಂದು ಉಪಾಯ ಕಂಡುಕೊಂಡರು. ಕಂಬದ ಕೆಳಗೆ ಹೊಸ ಸೊಸೆಯ ಹಾಗೆ ನಡೆಯುವುದು, ದಾಟಿದ ಮೇಲೆ ಹಗ್ಗ ಬಿಚ್ಚಿದ ಹೋರಿಯ ಹಾಗೆ ಓಡುವುದು. ಮಾವನೂ ಹಾಗೆಯೇ. ಮಾರ್ಕೆಟ್ಟಿನಲ್ಲಿ ಹರಾಜು ಶುರುವಾಗುವುದರೊಳಗೆ ಗೂಡು ಇಳಿಸಬೇಕಲ್ಲ.

ಆ ಎರಡು ಕಂಬಗಳ ನಡುವೆ, ಹೊಂಗೆಮರದ ಕೆಳಗೆ, ಮತೀನನ ಟೀ ಅಂಗಡಿ ಇತ್ತು. ಗೂಡಿನೊಳಗೆ ಜೀವವಿರುವ ಹುಳು ಇರುತ್ತದೆ. ಚೀಲ ಕಟ್ಟಿ ಒಂದೇ ಸಮ ಓಡಿಸಿದರೆ ಗೂಡು ಕಾವು ಏರಿ ಬೆವರುತ್ತದೆ, ರೇಟು ಬೀಳುತ್ತದೆ. ಹಾಗಾಗಿ ಮಾವ ದಿನಾ ಮತೀನನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಚೀಲಗಳ ಬಾಯಿ ಬಿಚ್ಚಿ, ಕಾಲು ಗಂಟೆ ಗಾಳಿಯಾಡಲು ಬಿಡುತ್ತಿದ್ದರು. ಬಿಚ್ಚುವುದಕ್ಕೆ ಮತೀನನೂ ಕೈ ಹಾಕುತ್ತಿದ್ದ. ಲೋಟ ತೊಳೆದಿದೆಯೋ ಇಲ್ಲವೋ ಎಂದು ನೋಡದೆ ಮಾವ ಟೀ ಕುಡಿಯುತ್ತಿದ್ದ ಜಾಗ ಈ ಭೂಮಿಯ ಮೇಲೆ ಅದೊಂದೇ.

ರಂಜಾನ್ ತಿಂಗಳಲ್ಲಿ ಮತೀನ್ ಹಗಲು ಅಂಗಡಿ ತೆರೆಯುವುದಿಲ್ಲ. ಹಬ್ಬ ಮುಗಿದು ಬಾಗಿಲು ತೆರೆದ ದಿನ ಅವನು ಕೊಟ್ಟ ಪಾಯಸ ಕುಡಿಯುತ್ತಿರುವಾಗ ಮಾವನ ಫೋನಿಗೆ ಮೆಸೇಜು ಬಂತು. ಅತಿವೇಗ, ದಂಡ, ಗಾಡಿ ನಂಬರು ಎಲ್ಲ ಇತ್ತು. ತಲೆ ಎತ್ತಿ ನೋಡಿದರೆ ಮತೀನ್ ತನ್ನ ಫೋನಿನಲ್ಲಿ ಏನೋ ಒತ್ತುತ್ತಿದ್ದ. ಅಷ್ಟು ಸಾಕಾಯಿತು ಮಾವನಿಗೆ.

ಸಂಜೆ ನನ್ನ ಅಂಗಡಿಗೆ ಬಂದರು. "ಚೈತ್ರವ್ವ, ಕಂಬದ್ ಕೆಳ್ಗೆ ನಾನು ಮೂವತ್ತರ ಮೇಲೆ ಓಡ್ಸೋನೇ ಅಲ್ಲ. ಕಂಬ ನನ್ನ ಎಂಗ್ ಇಡ್ಕತ್ತದೆ? ನಾನು ಜೋರಾಗಿ ಓಗೋದು ನಡುವ್ನಲ್ಲಿ. ಅಲ್ಲಿರೋನು ಮತೀನ ಒಬ್ನೆ. ಅವ್ನೇ ನಂಬರು ಕೊಡ್ತಾವ್ನೆ."

"ಅವ್ನಿಗೇನ್ ಮಾವ ಲಾಭ?"

"ಕಮಿಷನ್ ಇಲ್ದೆ ಇರ್ತದಾ?"

ಆಗ ನಕ್ಕು ಸುಮ್ಮನಾದೆ. ಮಾವ ಸುಮ್ಮನಾಗಲಿಲ್ಲ. ಮಾರನೆ ದಿನದಿಂದ ಮತೀನನ ಅಂಗಡಿ ಮುಂದೆ ಗಾಡಿ ನಿಲ್ಲಿಸುವುದನ್ನು ಬಿಟ್ಟರು. ಚೀಲ ಬಿಚ್ಚುವುದು ಎರಡನೇ ಕಂಬ ದಾಟಿ ಕನಕಪುರದಲ್ಲೇ ಆಯಿತು. ಆಮೇಲೆ ನೋಡಿ, ಎರಡನೇ ದಂಡ ಬಂತು, ಮೂರನೆಯದು, ನಾಲ್ಕನೆಯದು. "ಟೀ ಕುಡಿಯಾಕೆ ನಿಲ್ಲಲಿಲ್ಲ ಅಂತ ಹಗೆ ಸಾಧಿಸ್ತಾವ್ನೆ, ನೋಡ್ದಾ?" ಎಂದರು. ಗಾಡಿ ಹೋಗುವಾಗ ಮತೀನ್ ರಸ್ತೆಬದಿಗೆ ಬಂದು ಕೈ ಎತ್ತಿ ಕರೆಯುತ್ತಿದ್ದನಂತೆ. ಅದೂ ಯಾರಿಗೋ ಮಾಡುವ ಸನ್ನೆ ಎಂದೇ ಮಾವನ ಲೆಕ್ಕ. ನಾಲ್ಕನೇ ಮೆಸೇಜಿನಲ್ಲಿ, ಇನ್ನೊಮ್ಮೆ ಹೀಗಾದರೆ ಲೈಸೆನ್ಸ್ ಅಮಾನತು ಎಂದು ಬರೆದಿತ್ತು. ಓದಿ ಹೇಳಿದಾಗ ಮಾವನ ಮುಖ ಬಾಡಿತು. ಸ್ಟೇರಿಂಗು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಕೆಲಸ ಗೊತ್ತಿಲ್ಲ.

"ಒಂದ್ ಅರ್ಜಿ ಟೈಪ್ ಮಾಡವ್ವ," ಎಂದರು.

ರಸ್ತೆಬದಿ ಒತ್ತುವರಿ, ವಾಹನಗಳಿಗೆ ಅಡಚಣೆ, ಅಪಘಾತಕ್ಕೆ ದಾರಿ, ಆದ್ದರಿಂದ ಸದರಿ ಟೀ ಅಂಗಡಿಯನ್ನು ತೆರವುಗೊಳಿಸಬೇಕು. ಕೊನೆಗೆ ಹೆಸರಿಲ್ಲ, ರುಜು ಇಲ್ಲ. ಇಂಥ ಅರ್ಜಿಗಳಿಗೆ ನಮ್ಮ ಕಡೆ ಹಾಕುವ ಹೆಸರು 'ನೊಂದ ಸಾರ್ವಜನಿಕರು'. ಮತೀನನದು ತಪ್ಪಿಲ್ಲ ಎಂದು ನನಗೆ ಅನ್ನಿಸಿರಲಿಲ್ಲವೇ? ಅನ್ನಿಸಿತ್ತು. ಆದರೂ ಟೈಪ್ ಮಾಡಿಕೊಟ್ಟೆ. ಇಂಥ ನೂರು ಅರ್ಜಿ ಬರೆದಿದ್ದೇನೆ, ಯಾವ ಆಫೀಸು ಎದ್ದು ಬಂದಿದೆ ಎಂಬ ಉಡಾಫೆ ನನ್ನದು. ನಮ್ಮ ಗ್ರಹಚಾರಕ್ಕೆ ಈ ಸಲ ಎದ್ದು ಬಂದರು. ಹನ್ನೆರಡನೇ ದಿನ ಜೆಸಿಬಿ ಬಂದು ಅಂಗಡಿಯನ್ನು ಕಿತ್ತು ಹಾಕಿತು.

ಅಂಗಡಿ ಹೋದ ಮೇಲೂ ಐದನೇ ದಂಡ ಬಂತು. ಅದರ ಹಿಂದೆಯೇ ಲೈಸೆನ್ಸ್ ವಿಚಾರಣೆಯ ಕಾಗದ. ಅದರಲ್ಲಿ ಒಂದು ಪಟ್ಟಿ ಇತ್ತು. ತಾರೀಕು, ಮೊದಲ ಕಂಬ ದಾಟಿದ ಹೊತ್ತು, ಎರಡನೇ ಕಂಬ ದಾಟಿದ ಹೊತ್ತು. ಓದುತ್ತಾ ಓದುತ್ತಾ ಎರಡು ಹೊತ್ತುಗಳ ನಡುವಿನ ನಿಮಿಷ ಎಣಿಸಿದೆ.

"ಮಾವ, ಇದು ಕಂಬದ್ ಕೆಳಗಿನ ಸ್ಪೀಡ್ ಅಲ್ಲ. ಒಂದು ಕಂಬದಿಂದ ಇನ್ನೊಂದಕ್ಕೆ ಎಷ್ಟು ಹೊತ್ತಲ್ಲಿ ಬಂದ್ರಿ ಅಂತ ನೋಡ್ತಾರೆ. ಹತ್ತು ನಿಮಿಷಕ್ಕೆ ಮುಂಚೆ ಬರಂಗಿಲ್ಲ. ನೀವು ಏಳು ನಿಮಿಷಕ್ಕೆ ಬಂದಿದೀರಿ."

"ಕಂಬ ಕಂಬ ಮಾತಾಡ್ಕತ್ತವಾ?"

"ಹೂಂ ಮಾವ. ತಾರೀಕು ನೋಡಿ. ಮೊದಲ್ನೇದು ರಂಜಾನ್ ತಿಂಗಳದ್ದು, ಅಂಗಡಿ ಮುಚ್ಚಿತ್ತು. ಮಿಕ್ಕಿದ್ದೆಲ್ಲ ನೀವು ಅಲ್ಲಿ ನಿಲ್ಲೋದು ಬಿಟ್ಟ ಮೇಲಿಂದು. ಟೀಗೆ ನಿಂತ ದಿನ ಒಂದೇ ಒಂದು ದಂಡ ಇಲ್ಲ. ಆ ಕಾಲು ಗಂಟೇನೇ ನಿಮ್ಮನ್ನ ಕಾಯ್ತಿತ್ತು."

ಮಾವ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ಅದರಲ್ಲಿ ಎಲ್ಲಾದರೂ ಒಂದು ಮೋಸ ಸಿಕ್ಕಿದ್ದರೆ ಅವರಿಗೆ ಜೀವ ಬರುತ್ತಿತ್ತು. ಸಿಗಲಿಲ್ಲ. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂದಿತ್ತು.

ಲೈಸೆನ್ಸ್ ಮೂರು ತಿಂಗಳು ಅಮಾನತಾಯಿತು. ಆದೇಶ ಕೈಗೆ ಬಂದ ಮಾರನೆ ದಿನ ಮಾವ ಬಂದು, "ಒಸಿ ಜೊತೇಲಿ ಬಾರವ್ವ," ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹೋಗಿ ಹೊಂಗೆಮರದ ಹತ್ತಿರ ಇಳಿದೆವು. ಅಂಗಡಿ ಇದ್ದ ಕಡೆ ಒಡೆದ ಇಟ್ಟಿಗೆ ಬಿದ್ದಿತ್ತು. ಮತೀನ್ ಹಳೇ ಮೊಪೆಡ್ಡಿಗೆ ಫ್ಲಾಸ್ಕು ಕಟ್ಟಿಕೊಂಡು ನಿಂತಿದ್ದ.

"ಅಣ್ಣಾ! ಲೈಸೆನ್ಸ್ ವಿಷ್ಯ ಕೇಳ್ದೆ. ಹೊಟ್ಟೆ ಉರಿದೋಯ್ತು," ಎಂದು ಮಾವನ ಕೈಗೆ ಟೀ ಲೋಟ ಕೊಟ್ಟ. ಆಮೇಲೆ ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದ. ಒಳಗಿದ್ದದ್ದು ನಾನು ಟೈಪ್ ಮಾಡಿದ ಅರ್ಜಿಯ ನಕಲು. ಆಫೀಸಿನವರು ಕೊಟ್ಟಿದ್ದರಂತೆ.

"ನನ್ ಭಾವಮೈದನೇ ಬರ್ಸವ್ನೆ ಅಂತ ನನ್ಗೆ ಅನುಮಾನ ಅಣ್ಣ. ಅವ್ನಿಗೆ ಈ ಜಾಗದ ಮೇಲೆ ಕಣ್ಣಿತ್ತು. ಅವ್ನ ಜೊತೆ ಮಾತು ಬಿಟ್ಟು ಎರಡು ತಿಂಗ್ಳಾಯ್ತು. ನನ್ನೆಂಡ್ತಿ ತಾಹೇರಾ ತವರಿಗೆ ಓಗಂಗಿಲ್ಲ, ಮನೇಲಿ ದಿನಾ ಅಳ್ತಾಳೆ. ನೀವು ತಕ್ಕಡಿ ಮೋಸ ಇಡಿಯೋರು. ಒಸಿ ನೋಡಿ, ಇದು ಯಾರ ಕೈಕೆಲ್ಸ?"

ಮಾವ ಕಾಗದ ತೆಗೆದುಕೊಳ್ಳಲಿಲ್ಲ. "ನಾನೇ ಕಣಪ್ಪ ಬರ್ಸಿದ್ದು," ಎಂದರು.

ಮತೀನ್ ಜೋರಾಗಿ ನಕ್ಕ. "ಊರಲ್ಲಿ ಎಲ್ಲರ ಮೇಲೂ ಅನುಮಾನಪಟ್ಟಿದೀನಿ ಅಣ್ಣ, ನಿಮ್ಮೊಬ್ರನ್ನ ಬಿಟ್ಟು. ತಮಾಷೆ ಬ್ಯಾಡ, ನೋಡಿ ಯಾರು ಅಂತ ಏಳಿ."

ಮಾವ ನನ್ನ ಕಡೆ ತಿರುಗಿದರು.

"ಹೌದಣ್ಣ," ಎಂದೆ. "ಇವ್ರು ಬರ್ಸಿದ್ರು. ಟೈಪ್ ಮಾಡ್ದೋಳು ನಾನು."

ಮತೀನ್ ನನ್ನನ್ನು ನೋಡಿದ, ಮಾವನನ್ನು ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಫೋನ್ ತೆಗೆದು ನಂಬರು ಒತ್ತಿ, ನಮಗೆ ಬೆನ್ನು ಮಾಡಿ ನಿಂತ. ಮನೆಯ ಮಾತಿನಲ್ಲೇ ಆಡಿದ. ಅಷ್ಟು ಉರ್ದು ನನಗೂ ತಿಳಿಯುತ್ತದೆ. "ಕಟ್ ಮಾಡ್ಬೇಡ, ನಾನು ಮತೀನ್. ನೀನಲ್ಲ ಅಂತ ಗೊತ್ತಾಯ್ತು. ತಪ್ಪು ನನ್ನದು, ಮಾಫ್ ಮಾಡು," ಎಂದ. ಮತ್ತೆ ಮತ್ತೆ ಅದನ್ನೇ ಹೇಳಿದ.

ಮಾವ ಕುಡಿಯದ ಲೋಟವನ್ನು ಹಿಡಿದು ಅವನ ಬೆನ್ನ ಹಿಂದೆ ನಿಂತೇ ಇದ್ದರು. ಕೆಳಗಿಡೋಣವೆಂದರೆ ಅಲ್ಲಿ ಈಗ ಬೆಂಚು ಇರಲಿಲ್ಲ.